ಕಂಪ್ಯೂಟರಿಗೆ ಕುಂಕುಮ

ಹುಮನಾಬಾದಿನ ಮೆಕ್ಯಾನಿಕ್ ನನ್ನ ಕಾರಿಗೆ ಸ್ಕ್ಯಾನರ್ ಸಿಕ್ಕಿಸಿ, "ಇಂಜಿನ್ ಕಂಪ್ಯೂಟರ್ ಜವಾಬೇ ಕೊಡವಲ್ದು. ಸತ್ತದ್ರಿ, ಹೊಸಾದು ಹಾಕಬೇಕು" ಅಂದ. ನಾನು ನಂಬಲಿಲ್ಲ. ಕಾರನ್ನು ಬಸವಕಲ್ಯಾಣದ ಮನೆಗೆ ಎಳೆಸಿಕೊಂಡು ಬಂದು, ಬ್ಯಾಟರಿ ಕಳಚಿ, ಕಂಪ್ಯೂಟರಿನ ಪ್ಲಗ್ ಬಿಚ್ಚಿ ನೋಡಿದೆ. ಪಿನ್ನುಗಳಿಗೆಲ್ಲ ಹಸಿರು ಕಿಲುಬು, ನಡುವೆ ಕುಂಕುಮ! ದಸರೆಯ ಖಂಡೇಪೂಜೆಯ ದಿನ ಬ್ಯಾಡೋ ಮಾರಾಯಾ ಅಂದರೂ ಕೇಳದೆ, ಬಾನೆಟ್ ಎತ್ತಿ ಇಂಜಿನ್ನಿಗೆ ಕುಂಕುಮ ಹಚ್ಚಿ, ಅದರ ಮೇಲೇ ತೆಂಗಿನಕಾಯಿ ಒಡೆದು ನೀರು ಸುರಿದವನು ಇದೇ ಮೆಕ್ಯಾನಿಕ್ ಮಹಾಶಯ! ಸ್ಪಿರಿಟ್ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣಗಿಸಿ ಸಿಕ್ಕಿಸಿದೆ. ಒಂದೇ ಚಾವಿಗೆ ಚಾಲೂ ಆಯಿತು.

ಅದೇ ಸಿಟ್ಟಿನಲ್ಲಿ ಕಾರು ಓಡಿಸಿಕೊಂಡು ಹೋಗಿ ಅವನ ಮುಂದೆ ನಿಲ್ಲಿಸಿ, "ಸತ್ತದ್ದು ಹ್ಯಾಂಗ ಬಂತು ನೋಡು" ಎಂದೆ. ಅವನು ಬಾನೆಟ್ಟಿಗೆ ಕೈಮುಗಿದ: "ಅದಕ್ಕ ಹೇಳೂದ್ರಿ ಸಾಹೇಬ್ರ, ಪೂಜಿ ತಪ್ಪಿಸಬಾರದು ಅಂತ."