ವರ್ಷದ ಸರಾಸರಿ ಸೆಕೆ

ಕೇಶವಮೂರ್ತಿಗಳಿಗೆ ಕಚೇರಿಯಲ್ಲಿ ಸಿಟ್ಟು ಬರುತ್ತಿದ್ದುದು ವರ್ಷಕ್ಕೊಂದೇ ಸಲ, ಏಪ್ರಿಲ್‌ನಲ್ಲಿ, ಪಟ್ಟಿ ತಯಾರಾದಾಗ. ದೆಹಲಿಯ ಒಂದು ಕೇಂದ್ರ ಕಚೇರಿಯಲ್ಲಿ ಅಂಕಿಅಂಶ ನೋಡಿಕೊಳ್ಳುವ ಗುಮಾಸ್ತರು ಅವರು. ಇಲಾಖೆಯ ಕ್ವಾರ್ಟರ್ಸ್ ಊರೂರಲ್ಲಿವೆ. ಯಾವ ಊರಿನವರು ಕರೆಂಟನ್ನು ಹಿತಮಿತವಾಗಿ ಬಳಸುತ್ತಾರೆ ಎಂದು ಸಾಲಾಗಿ ಬರೆಯುವುದು ಅವರ ಪಾಲಿನ ಕರ್ಮ. ಸುಟ್ಟ ಯೂನಿಟ್ಟನ್ನು ಮನೆಯ ಅಳತೆಯಿಂದ ಭಾಗಿಸಿದರೆ ಮುಗಿಯಿತು. ಹೊರಗೆ ಬಿಸಿಲೋ ಚಳಿಯೋ, ಕೇಳುವವರಿಲ್ಲ. ಹಾಗಾಗಿ ಒಂಬತ್ತು ವರ್ಷದಿಂದ ಬೆಂಗಳೂರು ಮೊದಲು, ದೆಹಲಿ ಕೊನೆ. ಫ್ಯಾನು ಸಾಕಾಗುವ ಊರಿನವರು ಫ್ಯಾನು ಹಾಕಿಕೊಂಡು ಕೂತದ್ದಕ್ಕೆ ಫಲಕ, ಶಾಲು ಬೇರೆ.

ಅವರ ಸಾಹೇಬರು ಚಂದ್ರಮೋಹನ, ಬೆಂಗಳೂರಿನವರೇ. ಇಪ್ಪತ್ತು ವರ್ಷ ದೆಹಲಿಯ ಬಿಸಿಲನ್ನು ಕಾರಿನ ಗಾಜಿನೊಳಗಿಂದ ಕಂಡವರು. ಕನ್ನಡದವರು ಸೇರಿದಲ್ಲೆಲ್ಲ ಆ ಪಟ್ಟಿ ತೋರಿಸಿ, ನಮ್ಮ ಜನಕ್ಕೆ ಮಿತವ್ಯಯ ರಕ್ತದಲ್ಲೇ ಇದೆ ಎನ್ನುತ್ತಿದ್ದರು. ದೆಹಲಿಯಲ್ಲೇ ಬೇಯುತ್ತಿರುವ ಆ ಜನವೂ ಬೆವರು ಒರೆಸಿಕೊಳ್ಳುತ್ತ ಚಪ್ಪಾಳೆ ತಟ್ಟುತ್ತಿತ್ತು.

ಈ ವರ್ಷ ಪಟ್ಟಿ ಮನೆಯೊಳಕ್ಕೇ ನುಗ್ಗಿತು. ಕೊನೆಯ ಸ್ಥಾನದ ಊರಿನ ಕ್ವಾರ್ಟರ್ಸ್ ಕಾಲೊನಿಯಲ್ಲಿ ಜೂನ್‌ನಿಂದ ಎ.ಸಿ.ಗೆ ಹೋಗುವ ಕರೆಂಟಿನ ಲೈನ್ ಕಡಿತ ಎಂದು ಆದೇಶವಾಯಿತು. ಆ ಕಾಲೊನಿಯ ಮೇಲಿನ ಮಹಡಿಯಲ್ಲಿ, ಕಾದ ತಾರಸಿಯ ಕೆಳಗೆ ಕೇಶವಮೂರ್ತಿಗಳ ಮನೆ. ಎ.ಸಿ. ಹಾಕಿಸುವ ಮೊದಲಿನ ಬೇಸಿಗೆಯಲ್ಲಿ ಅವರ ಹೆಂಡತಿ ರತ್ನಾ ಅಡುಗೆಮನೆಯಲ್ಲಿ ಎಚ್ಚರ ತಪ್ಪಿ ಬಿದ್ದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಇನ್ನೊಂದು ಸಲ ಹಾಗಾದರೆ ಕಷ್ಟ ಎಂದಿದ್ದರು ಡಾಕ್ಟರು.

ಕೇಶವಮೂರ್ತಿ ಟಿಪ್ಪಣಿ ಬರೆದರು. ಸೆಕೆಯ ದಿನಗಳನ್ನೂ ಚಳಿಯ ದಿನಗಳನ್ನೂ ಬೇರೆಬೇರೆ ಎಣಿಸಿ ಆಮೇಲೆ ಊರುಗಳನ್ನು ಹೋಲಿಸಬೇಕು, ಆಗ ದೆಹಲಿ ಎಷ್ಟೋ ಮೇಲಕ್ಕೆ ಬರುತ್ತದೆ, ಬೆಂಗಳೂರು ಇಳಿಯುತ್ತದೆ ಎಂದರು. ಸಾಹೇಬರು ಓದಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು. ಆದರೂ ನ್ಯಾಯವಂತರಲ್ಲವೇ, ತಾವೇ ಕ್ಯಾಲ್ಕುಲೇಟರ್ ಹಿಡಿದರು. ಹನ್ನೆರಡು ತಿಂಗಳ ಉಷ್ಣಾಂಶ ಕೂಡಿಸಿ ಹನ್ನೆರಡರಿಂದ ಭಾಗಿಸಿದರು. ದೆಹಲಿಗೆ ಇಪ್ಪತ್ತೈದು ಬಂತು, ಬೆಂಗಳೂರಿಗೆ ಇಪ್ಪತ್ನಾಲ್ಕು.

“ನೋಡ್ರೀ, ಒಂದೇ ಡಿಗ್ರಿ ವ್ಯತ್ಯಾಸ. ಇಷ್ಟಕ್ಕೆ ಎ.ಸಿ. ಬೇಕಾ?”

ಜನವರಿಯ ನಡುಕವನ್ನೂ ಜೂನಿನ ಉರಿಯನ್ನೂ ಒಂದೇ ಬಕೆಟ್ಟಿಗೆ ಸುರಿದು ಉಗುರುಬೆಚ್ಚಗೆ ಮಾಡಿಟ್ಟ ಮಹಾನುಭಾವ! ಪಟ್ಟಿಯ ಕೆಳಗೆ ‘ಹವಾಮಾನವನ್ನು ಪರಿಗಣಿಸಲಾಗಿದೆ’ ಎಂಬ ಸಾಲು ಸೇರಿತು. ಕೇಶವಮೂರ್ತಿ ಸಹಿ ಹಾಕಲಿಲ್ಲ. ಪಕ್ಕದ ಮೇಜಿನವರು ಹಾಕಿದರು.

ಜೂನ್ ಮೊದಲ ವಾರ ಲೈನ್ ಕಡಿದು ಹೋದರು. ರತ್ನಾ ಮೂರು ದಿನ ಒದ್ದೆ ಟವೆಲ್ ಹೊದ್ದುಕೊಂಡು ಕಳೆದಳು. ಶನಿವಾರ ಕೇಶವಮೂರ್ತಿ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ವಸಂತ್ ಕುಂಜ್‌ನ ಸಾಹೇಬರ ಫ್ಲ್ಯಾಟಿಗೆ ಹೋದರು. ಅದು ಸ್ವಂತ ಮನೆ, ಯಾವ ಪಟ್ಟಿಯಲ್ಲೂ ಇಲ್ಲ. ಹಾಲ್‌ನಲ್ಲೇ ಎರಡು ಎ.ಸಿ. ಓಡುತ್ತಿದ್ದವು.

“ಸೆಕೆ ಮುಗಿಯೋವರೆಗೆ ಇವಳು ಇಲ್ಲೇ ಇರ್ತಾಳೆ ಸರ್. ಜನವರಿಯಲ್ಲಿ ಮೇಡಮ್ಮನ್ನ ನಮ್ಮನೆಗೆ ಕಳಿಸಿ. ಸರಾಸರಿ ಸರಿಹೋಗುತ್ತೆ.”

ಸಾಹೇಬರು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಲೀಲಾವತಿ, ರತ್ನಾಳ ಕೆಂಪೇರಿದ ಮುಖ ನೋಡಿ ಕೈಹಿಡಿದು ಒಳಗೆ ಕರೆದುಕೊಂಡರು.

ಮಂಗಳವಾರ ಕೇಶವಮೂರ್ತಿಗಳ ಮನೆಗೆ ಮಾತ್ರ ಲೈನ್ ವಾಪಸ್ ಬಂತು, ವೈದ್ಯಕೀಯ ಕಾರಣದ ಮೇಲೆ. ಪಟ್ಟಿ ಇದ್ದ ಹಾಗೇ ಇತ್ತು. ಅದೇ ಮಹಡಿಯ ಉಳಿದ ಹನ್ನೊಂದು ಮನೆಯವರು ಬಾಗಿಲಿಗೆ ಬಂದು ಹೇಗೆ ಮಾಡಿಸಿಕೊಂಡಿರಿ ಎಂದು ಕೇಳಿದರು. ಕೇಶವಮೂರ್ತಿ ಹನ್ನೊಂದು ಚೀಟಿಗಳಲ್ಲಿ ವಸಂತ್ ಕುಂಜ್‌ನ ವಿಳಾಸ ಬರೆದುಕೊಟ್ಟರು.