ಮೆಳೆಮಡುವಿನಲ್ಲಿ ನಿಂತ ತೆಪ್ಪ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ವಿದ್ಯುದಾಗಾರದ ಊರಾದ ಬ್ಲಫ್‌ನ ಕೆಳಗೆ ಕಾವೇರಿಯ ಮೇಲೆ ಮಂಜು ಕೂತಿದೆ. ದಡದ ಇಳಿಜಾರಿನಲ್ಲಿ ದೊಡ್ಡದೊಂದು ಕರೀ ಬೋಗುಣಿ ಬೋರಲಾಗಿ ನಡೆದು ಬರುತ್ತಿದೆ. ಅದರ ಕೆಳಗೆ ಕಾಣುವುದು ಎರಡು ಕಾಲು ಮಾತ್ರ. ನೀರಿನಂಚಿಗೆ ಬಂದು ಬೋಗುಣಿ ಮಗುಚಿಕೊಂಡಾಗ ಒಳಗಿನಿಂದ ಒಬ್ಬ ಮನುಷ್ಯ ಹೊರಬರುತ್ತಾರೆ. ತಲೆಯ ಸಿಂಬೆ ಬಿಚ್ಚಿ ಮುಖ ಒರೆಸಿಕೊಂಡು, ಹೊಳೆಯ ನೀರು ಎಷ್ಟಿದೆ ಎಂದು ನೋಡುತ್ತಾರೆ. ಇವರು ಮಹದೇವು. ವಯಸ್ಸು ಐವತ್ತೆಂಟು. ಬಿದಿರು ಹೆಣೆದು ಟಾರು ಬಳಿದ ಆ ಬೋಗುಣಿಯೇ ತೆಪ್ಪ, ಅದನ್ನು ನಡೆಸುವುದು ಇವರ ಕಸುಬು.

ಇವತ್ತು ತೆಪ್ಪದಲ್ಲಿ ಕೂರುವವರು ಯಾರೂ ಇಲ್ಲ. ಬರುವ ಭಾನುವಾರ ಇಬ್ಬರನ್ನು ಕಾಡಿನೊಳಕ್ಕೆ ಕರೆದೊಯ್ಯಬೇಕು. ಅದಕ್ಕೆ ದಾರಿ ನೋಡಿ ಬರಲು ಮಹದೇವು ಒಬ್ಬರೇ ಹೊರಟಿದ್ದಾರೆ.

"ತೆಪ್ಪ ಒಳೆ ಹೆಂಗೆ ಓಯ್ತದೋ ಅಂಗೇ ಓಯ್ತದೆ. ಮೇಲಕ್ಕೆ ಬರಾಕಿಲ್ಲ," ಎನ್ನುತ್ತಾರೆ ಅವರು, ಹುಟ್ಟನ್ನು ನೀರಿಗೆ ಅದ್ದುತ್ತಾ. "ಈ ತಿರುವು ಚೆಂದಾಗಿತ್ತು, ಹಿಂದಕ್ಕೆ ಓಗಾನ ಅಂದ್ರೆ ಆಗಾಕಿಲ್ಲ. ಅದುಕ್ಕೆ ಮುಂಚೇನೇ ನೋಡ್ಕಂಡು ಬತ್ತೀನಿ."

ಕೆಳಗೆ ರಸ್ತೆ ಮತ್ತೆ ಹೊಳೆಗೆ ತಾಗುವ ಕಡೆ ಇಳಿದು, ತೆಪ್ಪವನ್ನು ಲಗೇಜ್ ಆಟೋದ ಮೇಲೆ ಹೇರಿಕೊಂಡು ವಾಪಸ್ ಬರಬೇಕು. ಮೊದಲೆಲ್ಲ ದಾರಿ ನೋಡುವ ಈ ಕೆಲಸ ಇರಲಿಲ್ಲ. ಅಪ್ಪನ ಕಾಲದಿಂದ ಬಂದ ಹೊಳೆ, ಯಾವ ಬಂಡೆ ಎಲ್ಲಿದೆ, ಎಲ್ಲಿ ನೆರಳು, ಎಲ್ಲಿ ಸುಳಿ, ಎಲ್ಲವೂ ಕೈಗೆ ಗೊತ್ತಿತ್ತು. ಆದರೆ ಹೋದ ವರ್ಷದ ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿತ್ತು. ಅದು ಹೇಗೆ ಹೊತ್ತಿತು ಎಂಬುದಕ್ಕೆ ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಕಥೆ. ಮಹದೇವು ಅದರ ಬಗ್ಗೆ ಮಾತಾಡುವುದಿಲ್ಲ. ಬೆಂಕಿ ಆರಿದ ಮೇಲೆ ತಮಗೆ ಗೊತ್ತಿದ್ದ ಹೊಳೆ ಅರ್ಧ ಹೋಯಿತು ಎಂದಷ್ಟೇ ಹೇಳುತ್ತಾರೆ.

ಮೊದಲ ತಿರುವು ದಾಟುತ್ತಿದ್ದಂತೆ ಅದು ಕಣ್ಣಿಗೆ ಬೀಳುತ್ತದೆ. ಎಡದಂಡೆಯ ಗುಡ್ಡ ಬುಡದಿಂದ ನೆತ್ತಿಯವರೆಗೆ ಬೋಳು. ಸುಟ್ಟ ಮರಗಳು ನಿಂತಲ್ಲೇ ನಿಂತಿವೆ. ಒಂದು ಮಳೆಗಾಲ ಕಳೆದಿರುವುದರಿಂದ ನೆಲದಲ್ಲಿ ಹಸಿರು ಇದೆ. ಹೊಳೆಮತ್ತಿಯ ಕಪ್ಪು ಕಾಂಡದ ಬುಡದಲ್ಲಿ ಕೆಂಪು ಚಿಗುರು ಗೊಂಚಲಾಗಿ ಒಡೆದಿದೆ. ಆದರೆ ಸದ್ದಿಲ್ಲ. ಮಹದೇವು ಹುಟ್ಟನ್ನು ಎತ್ತಿ ಹಿಡಿದು ಕಿವಿಗೊಡುತ್ತಾರೆ. ಅದರ ತುದಿಯಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಅವರ ದಾರಿ ನೋಡುವ ಕ್ರಮವೇ ಇದು. ಹಕ್ಕಿ ಕೂಗುವ ಕಡೆ ದಡಕ್ಕೆ ಹೋಗುತ್ತಾರೆ, ಕೂಗದ ಕಡೆ ಮುಂದೆ ಸಾಗುತ್ತಾರೆ. ಒಂದು ಕಡೆ ಮರಕುಟಿಗ ಕುಟ್ಟುವುದು ಕೇಳಿ ತೆಪ್ಪವನ್ನು ದೂರ ತಿರುಗಿಸುತ್ತಾರೆ. "ಅದು ಕುಟ್ತಾ ಅದೆ ಅಂದ್ರೆ ಒಳಗೆ ಹುಳ ಅದೆ. ಮರ ಟೊಳ್ಳು. ಅದರ ಕೆಳಗೆ ಜನ ಕೂರ್ಸುದ್ರೆ ಕೊಂಬೆ ತಲೆ ಮ್ಯಾಲೇಯ." ಆನೆ ನೀರಿಗಿಳಿಯುವ ಹಸಿರು ಪಟ್ಟಿ ಇನ್ನೊಂದು ಕಡೆ. ಸುಟ್ಟ ಗುಡ್ಡದ ನಡುವೆ ಅವಕ್ಕೆ ಉಳಿದಿರುವ ದಾರಿ ಅದೊಂದೇ ಎಂದು ಅಲ್ಲಿಯೂ ಇಳಿಯುವುದಿಲ್ಲ. ಕಡೆಗೆ ಊಟಕ್ಕೆಂದು ಹೊಳೆ ನಡುವಿನ ಒಂದು ಹಾಸುಬಂಡೆ ಗೊತ್ತುಮಾಡುತ್ತಾರೆ. ನೆರಳಿಲ್ಲ, ಆದರೆ ತಲೆ ಮೇಲೆ ಬೀಳುವಂಥದ್ದೂ ಇಲ್ಲ. ಛತ್ರಿ ಇಟ್ಟುಕೊಂಡರಾಯಿತು.

ಇಷ್ಟು ಸುಲಭದ ಲೆಕ್ಕ. ಕಷ್ಟದ್ದು ಮುಂದಿದೆ, ಮೆಳೆಮಡುವಿನಲ್ಲಿ.

ಹೊಳೆ ಬಲಕ್ಕೆ ಹೊರಳುವ ಕಡೆ ಆಳದ ಮಡು, ಅದರ ದಂಡೆಯ ಸಮತಟ್ಟಿನಲ್ಲಿ ಬಿದಿರು ಮೆಳೆ. ಬೆಂಕಿಗೆ ಮೊದಲು ಇಡೀ ಹೊಳೆಯಲ್ಲಿ ಇದಕ್ಕಿಂತ ತಂಪಾದ ಜಾಗ ಇರಲಿಲ್ಲ. ಬಂದವರೆಲ್ಲ ಇಲ್ಲೇ ಇಳಿಯುತ್ತಿದ್ದರು, ಇಲ್ಲೇ ಒಲೆ ಹೂಡುತ್ತಿದ್ದರು. ಗಾಳಿ ಬಂದರೆ ಬಲಿತ ಬಿದಿರು ಒಂದಕ್ಕೊಂದು ಉಜ್ಜಿ ಕಿರ್‍ರ್ ಎನ್ನುತ್ತಿತ್ತು. ಬೆಂಕಿಯಲ್ಲಿ ಅದು ಪಟಾಕಿಯ ಹಾಗೆ ಸಿಡಿದದ್ದು ಊರಿನವರೆಗೂ ಕೇಳಿಸಿತಂತೆ. ಕಳೆದ ಮಳೆಗಾಲದಲ್ಲಿ ಸುಟ್ಟ ಬುಡಗಳಿಂದ ಕಳಲೆ ಎದ್ದಿದೆ. ಬೆರಳು ದಪ್ಪದ ಸಣ್ಣ ಬಿದಿರು, ಆಳೆತ್ತರ. ಎದ್ದಿರುವುದೂ ಜನ ಕೂರುತ್ತಿದ್ದ ಸಮತಟ್ಟಿನಲ್ಲೇ.

ಅಂದಿನಿಂದ ಮಹದೇವು ಯಾರನ್ನೂ ಅಲ್ಲಿ ಇಳಿಸಿಲ್ಲ. ಇಳಿಸಬಾರದೆಂದು ಯಾರೂ ಹೇಳಿಲ್ಲ. ಹೊಳೆಗಿಳಿಯಲು ಅರಣ್ಯ ಇಲಾಖೆ ಕೊಡುವ ಅನುಮತಿಯಲ್ಲಿ ಆ ಜಾಗದ ಹೆಸರೂ ಇರುತ್ತದೆ. ಇವರು ಇಳಿಸಲು ಒಪ್ಪದ್ದಕ್ಕೆ ಹಬ್ಬದ ರಜೆಯಲ್ಲಿ ಬಂದ ಎರಡು ಗುಂಪು ಇವರನ್ನು ಬಿಟ್ಟು ಬೇರೆ ತೆಪ್ಪ ಹಿಡಿದವು. ಜೊತೆಗಾರ ತೆಪ್ಪದ ಚೌಡಯ್ಯನವರಿಗೆ ಇದು ದಿನದ ತಮಾಷೆ.

"ಏನ್ಲಾ ಮಾದೇವ, ಬಿದ್ರುಗೆ ಬಾಣಂತನ ಮಾಡ್ತಾ ಇದ್ದೀಯಂತೆ? ಬಿಸ್ನೀರು ಎರೀತೀಯೋ ಎಂಗೆ?"

"ಎರೀತೀನಿ ಕಣ್ಲಾ. ನೀನು ಸೌದೆ ತತ್ತೀಯಾ?"

"ಅಲ್ಲೇ ಕಡ್ಕಂಡು ತತ್ತೀನಿ ಬುಡು!"

ನಗುತ್ತಾರೆ. ಆದರೆ ಚೌಡಯ್ಯನೂ ಈಗ ಅಲ್ಲಿ ತೆಪ್ಪ ಕಟ್ಟುವುದಿಲ್ಲ. ಯಾಕೆ ಎಂದು ಕೇಳಿದರೆ, "ಇವನ ಬಾಯಿಗೆ ಬೀಳೋರ್‍ಯಾರು," ಎಂದು ಬೀಡಿ ಹಚ್ಚುತ್ತಾರೆ.

ಅಲ್ಲಿ ಇಳಿಸಿ ಎಂದು ಕೇಳಿದವರಿಗೆಲ್ಲ ‘ಆಗುವುದಿಲ್ಲ’ ಎನ್ನುತ್ತಿದ್ದ ಮಹದೇವು ಈ ಸಲ ಹಾಗೆನ್ನಲು ಕಷ್ಟಪಟ್ಟರು. ಕೇಳಲು ಮನೆಗೇ ಬಂದಿದ್ದವರು ಮದ್ದೂರಿನಲ್ಲಿ ಹೈಸ್ಕೂಲ್ ಶಿಕ್ಷಕಿಯಾಗಿರುವ ಹರಿಪ್ರಿಯಾ. ಅವರ ತಂದೆ ರಾಮಾನುಜ ಬ್ಲಫ್‌ನ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತರಾದವರು. ಈಗ ಎಪ್ಪತ್ತಾರು. ಮಹದೇವು ಅವರ ಅಪ್ಪ ತೆಪ್ಪ ನಡೆಸುತ್ತಿದ್ದ ದಿನಗಳಲ್ಲಿ ಪಾಳಿ ಇಲ್ಲದ ಭಾನುವಾರ ರಾಮಾನುಜ ಒಬ್ಬರೇ ಮೆಳೆಮಡುವಿಗೆ ಹೋಗಿ ಕೂರುತ್ತಿದ್ದರು. ವಾರವಿಡೀ ಯಂತ್ರದ ಮೊರೆತ, ಅಲ್ಲಿ ಕಿವಿಗೆ ರಜೆ ಎನ್ನುತ್ತಿದ್ದರಂತೆ.

ಜಗಲಿಯಲ್ಲಿ ಟೀ ಲೋಟ ಹಿಡಿದು ಹರಿಪ್ರಿಯಾ ಹೇಳಿದ್ದು ಇಷ್ಟು. "ಅಪ್ಪನಿಗೆ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಒಂಚೂರು ಉಳಿದಿದೆ, ಅದೂ ಹೋಗುತ್ತೆ ಅಂದಿದ್ದಾರೆ ಡಾಕ್ಟರು. ಹೋಗೋದಕ್ಕೆ ಮುಂಚೆ ಆ ಬಿದಿರಿನ ಸದ್ದು ಒಂದು ಸಲ ಕೇಳಬೇಕಂತೆ. ಬೇರೇನೂ ಕೇಳ್ತಿಲ್ಲ ಅವರು."

ಮಹದೇವು ನೆಲ ನೋಡುತ್ತಾ ಕೂತರು. "ಬಿದ್ರು ಸುಟ್ಟೋಯ್ತು ಟೀಚರಮ್ಮ. ಈಗ ಎದ್ದಿರೋದು ಮಕ್ಕಳು. ಅವು ಉಜ್ಜಾಕಿಲ್ಲ. ಸಬ್ದ ಬರಾಕೆ ಬಲೀಬೇಕು."

"ಎಷ್ಟು ದಿನ ಬೇಕು?"

"ದಿನ ಎಲ್ಲಿ ಬಂತು. ನಾಕೈದು ಮಳೆಗಾಲ."

ಹರಿಪ್ರಿಯಾ ಲೋಟ ಕೆಳಗಿಟ್ಟರು. "ಅಪ್ಪನಿಗೆ ಹೇಳಿದೆ. ಸುಟ್ಟರೇನು, ಜಾಗ ಇರುತ್ತಲ್ಲ, ಹೋಗಿ ಕೂರ್ತೀನಿ ಅಂದ್ರು."

ಅದಕ್ಕೆ ಉತ್ತರ ಕೊಟ್ಟದ್ದು ಒಳಗಿಂದ ಬಂದ ಮಹದೇವು ಅವರ ಹೆಂಡತಿ ಮಂಚಮ್ಮ. "ಕರ್ಕಂಡು ಓಗು. ವಯಸ್ಸಾದೋರು ಕೇಳ್ತಾವ್ರೆ. ಇಳಿಸ್ತೀಯೋ ಬುಡ್ತೀಯೋ ಆಮೇಲೆ ನೋಡ್ಕ. ಒಳೆ ಮುಂದೆ ನಿಂತ್ಕಂಡು ಯೋಚ್ನೆ ಮಾಡು, ಜಗಲಿ ಮ್ಯಾಲೆ ಕುಂತ್ಕಂಡು ಅಲ್ಲ."

ಹಾಗಾಗಿ ಈ ಬೆಳಗಿನ ಪಯಣ. ಮೆಳೆಮಡುವಿಗೆ ಬಂದಾಗ ಬಿಸಿಲೇರಿದೆ. ಗಾಳಿ ಇದೆ. ಎಳೆ ಬಿದಿರು ಬಾಗುತ್ತದೆ, ಏಳುತ್ತದೆ, ಸದ್ದು ಮಾಡುವುದಿಲ್ಲ. ದಡದಲ್ಲಿ ಒಬ್ಬರನ್ನು ಇಳಿಸಲು ಕೂಡ ಹದಿನೈದು ಕಳಲೆ ತುಳಿಯಬೇಕು. ಕೆಳಗೆ ಎಲ್ಲಾದರೂ ಬೆಂಕಿ ಬಿಟ್ಟುಹೋದ ಹಳೆಯ ಮೆಳೆ ಇದೆಯೇ ಎಂದು ಮಹದೇವು ಮೊದಲೇ ದಂಡೆಗುಂಟ ನಡೆದು ಹುಡುಕಿದ್ದಾರೆ. ಇರುವುದು ಒಂದೇ, ಅದೂ ಆನೆದಾರಿಯ ಪಕ್ಕ.

ಮಡುವಿನ ತಲೆಯಲ್ಲಿ, ನೀರು ಎಳೆಯುವ ಜಾಗದಲ್ಲಿ, ಅವರು ಹುಟ್ಟನ್ನು ಬಂಡೆಗೆ ಒತ್ತಿ ತೆಪ್ಪ ನಿಲ್ಲಿಸುತ್ತಾರೆ. ಸುಮ್ಮನೆ ನೋಡಲೆಂದು ನಿಲ್ಲಿಸಿದ್ದು. ಹೊಳೆ ತಳ್ಳುತ್ತದೆ, ತೋಳಿನ ನರಗಳು ಉಬ್ಬುತ್ತವೆ. ಆಗ ಕೇಳುತ್ತದೆ: ಕಿರ್‍ರ್. ತೆಪ್ಪದ ಅಂಚಿನ ಬಿದಿರು ದಬ್ಬೆಗಳು ಸೆಳವಿಗೆ ಬಾಗಿ ಒಂದಕ್ಕೊಂದು ಉಜ್ಜುತ್ತಿವೆ. ಸಾಗುತ್ತಿರುವಾಗ ಬಾರದ ಸದ್ದು ಅದು, ನಿಂತರೆ ಮಾತ್ರ ಬರುತ್ತದೆ. ಇಷ್ಟು ವರ್ಷ ಕೇಳಿಯೂ ಕೇಳದೆ ಬಿಟ್ಟದ್ದು.

ಭಾನುವಾರದ ಹಿಂದಿನ ಸಂಜೆ ಮಹದೇವು ಅಂಗಳದಲ್ಲಿ ಕೂತು ಈ ಹಳೆಯ ಬಿದಿರು ತೆಪ್ಪದ ತಳಕ್ಕೆ ಟಾರು ಬಳಿಯುತ್ತಾರೆ. ಪಕ್ಕದಲ್ಲೇ ಹೊಸ ಫೈಬರ್ ತೆಪ್ಪ ಒರಗಿಸಿದೆ. ಹಗುರ, ಸೋರುವುದಿಲ್ಲ, ಬಂದವರೂ ಅದನ್ನೇ ಕೇಳುತ್ತಾರೆ.

"ವಯಸ್ಸಾದೋರ್‍ನ ಈ ಹಳೇದ್ರಲ್ಲಿ ಕೂರ್ಸ್‌ಕಂಡು ಓಯ್ತೀಯಾ?" ಮಂಚಮ್ಮ ಕೇಳುತ್ತಾರೆ.

"ಫೈಬರ್ ಮಾತಾಡಾಕಿಲ್ಲ ಕಣೆ."

"ನೀನು ಮಾತಾಡ್ತೀಯಾ? ಅದೇ ನಿಂಗೆ ಸರಿ ಜೋಡಿ ಬುಡು."

ಭಾನುವಾರ ರಾಮಾನುಜ ಪಂಚೆ ಎತ್ತಿ ಕಟ್ಟಿ, ಸ್ವೆಟರ್ ಹಾಕಿಕೊಂಡು ಬರುತ್ತಾರೆ. ಕಿವಿ ಕೇಳದವರ ಹಾಗೆ ದೊಡ್ಡ ದನಿ. ತೆಪ್ಪದ ನಡುವೆ ಕೂರಲು ಹೋದವರನ್ನು ಮಹದೇವು ಕೈ ಹಿಡಿದು ಅಂಚಿಗೆ ಕೂರಿಸುತ್ತಾರೆ, ಬಲಗಿವಿ ಹೊರಗಾಗುವಂತೆ. ಹರಿಪ್ರಿಯಾ ಎದುರಿಗೆ. ಬುತ್ತಿ, ಛತ್ರಿಗಳೊಂದಿಗೆ ಚೌಡಯ್ಯನ ತೆಪ್ಪ ಹಿಂದೆ.

ಸುಟ್ಟ ಗುಡ್ಡ ಬಂದಾಗ ರಾಮಾನುಜ ಬುಡದಿಂದ ನೆತ್ತಿಯವರೆಗೆ ಕಣ್ಣಾಡಿಸುತ್ತಾರೆ. ಆಮೇಲೆ, "ಚಿಗುರಿದೆಯಲ್ಲಮ್ಮ," ಎಂದು ಮಗಳಿಗೆ ತೋರಿಸುತ್ತಾರೆ. ಹಾಸುಬಂಡೆಯ ಮೇಲೆ ಛತ್ರಿ ಹಿಡಿದು ಪುಳಿಯೋಗರೆ ತಿನ್ನುತ್ತಾರೆ. ಚೌಡಯ್ಯನಿಗೂ ಎರಡು ಸಲ ಬಡಿಸುತ್ತಾರೆ.

ಮೆಳೆಮಡು ಬರುತ್ತದೆ. ರಾಮಾನುಜ ಏಳಲು ಅಂಚು ಹಿಡಿಯುತ್ತಾರೆ. ಮಹದೇವು ಬಗ್ಗಿ, ಅವರ ಬಲಗಿವಿಗೆ ಬಾಯಿಟ್ಟು ಹೇಳುತ್ತಾರೆ: "ಸಾರ್, ಇಳಿಸಾಕಿಲ್ಲ. ಎಳೇವು ಅವೆ. ತುಳುದ್ರೆ ಓಯ್ತವೆ. ತಪ್ಪು ತಿಳ್ಕಬ್ಯಾಡಿ."

ಹರಿಪ್ರಿಯಾ ತಂದೆಯ ಮುಖ ನೋಡುತ್ತಾರೆ. ಆ ಮುಖದಲ್ಲಿ ಏನೋ ಒಂದು ಜಾರಿಹೋಗುತ್ತದೆ. ಸಿಟ್ಟಲ್ಲ. ರಾಮಾನುಜ ಅಂಚು ಬಿಡದೆ, ಏಳದೆ, ಆ ಸಣ್ಣ ಹಸಿರು ಕಡ್ಡಿಗಳನ್ನೇ ನೋಡುತ್ತಾ ಉಳಿಯುತ್ತಾರೆ.

ಮಹದೇವು ಹುಟ್ಟನ್ನು ಬಂಡೆಗೆ ಒತ್ತುತ್ತಾರೆ. ತೆಪ್ಪ ನಿಲ್ಲುತ್ತದೆ. ಹೊಳೆ ತಳ್ಳುತ್ತದೆ. ಹಿಂದಿನಿಂದ ಚೌಡಯ್ಯ ಏನೋ ಕೂಗಲು ಬಾಯಿ ತೆರೆದವರು ಮಹದೇವು ಅವರ ತೋಳು ನಡುಗುವುದನ್ನು ಕಂಡು, ತಮ್ಮ ತೆಪ್ಪವನ್ನು ತಂದು ಪಕ್ಕಕ್ಕೆ ಒತ್ತಿ ಆನಿಕೆ ಕೊಡುತ್ತಾರೆ.

ಬಿದಿರಿನ ಉಜ್ಜಾಟ ಅಂಚಿನ ಮೇಲಿದ್ದ ಬೆರಳಿಗೆ ಮೊದಲು ಗೊತ್ತಾಗಿರಬೇಕು. ರಾಮಾನುಜ ಕಿವಿಯ ಯಂತ್ರ ತೆಗೆದು ಮಗಳ ಕೈಗೆ ಕೊಡುತ್ತಾರೆ. ಬಾಗಿ, ಕಿವಿಯ ಹಿಂದಿನ ಮೂಳೆಯನ್ನು ತೆಪ್ಪದ ಅಂಚಿನ ಬಿದಿರಿಗೆ ಒತ್ತಿ ಕಣ್ಣು ಮುಚ್ಚುತ್ತಾರೆ. ವಿದ್ಯುದಾಗಾರದಲ್ಲಿ ಯಂತ್ರದ ಒಳಗನ್ನು ಅವರು ಕೇಳುತ್ತಿದ್ದದ್ದೂ ಹೀಗೆಯೇ: ಕಬ್ಬಿಣದ ಸರಳಿನ ಒಂದು ತುದಿ ಯಂತ್ರಕ್ಕೆ, ಇನ್ನೊಂದು ತುದಿ ಈ ಮೂಳೆಗೆ.

ದಡದ ಎಳೆ ಬಿದಿರು ಸದ್ದಿಲ್ಲದೆ ಬಾಗುತ್ತಿದೆ. ತೆಪ್ಪ ಕಿರ್‍ರ್ ಎನ್ನುತ್ತದೆ, ಸುಮ್ಮನಾಗುತ್ತದೆ, ಮತ್ತೆ ಎನ್ನುತ್ತದೆ. ಮಹದೇವು ಅವರ ಮೊಣಕೈವರೆಗೆ ಬೆವರು ಇಳಿಯುತ್ತದೆ. ಸಾಕು ಎಂದು ಅವರು ಹೇಳುವುದಿಲ್ಲ.

ಸಾಕು ಎಂದದ್ದು ರಾಮಾನುಜ. ಕಣ್ಣು ತೆರೆದು ಕೈ ಎತ್ತಿ, "ಹೋಗೋಣಪ್ಪ," ಎನ್ನುತ್ತಾರೆ.

ಕೆಳಗೆ ರಸ್ತೆಯ ಬಳಿ ತೆಪ್ಪಗಳನ್ನು ಆಟೋಗೆ ಹೇರುವಾಗ ಅವರು ಹತ್ತಿರ ಬರುತ್ತಾರೆ. "ಮಹದೇವು, ನಿನ್ನ ತೆಪ್ಪದ ಬಿದಿರು ಎಲ್ಲಿದು?"

ಮಹದೇವು ತಡವರಿಸುತ್ತಾರೆ. "ಮಳವಳ್ಳಿ ಮೇದರ ಹತ್ರ ತಂದುದ್ದು ಸಾರ್."

"ಹೆದರಬೇಡ. ಸದ್ದು ಎಲ್ಲಿಂದ ಬರ್ತಾ ಇದೆ ಅಂತ ಕಂಡುಹಿಡಿಯೋದೇ ನನ್ನ ಕೆಲಸ ಆಗಿತ್ತು." ರಾಮಾನುಜ ತೆಪ್ಪದ ಅಂಚನ್ನು ಒಮ್ಮೆ ಸವರುತ್ತಾರೆ. "ದಡದಿಂದ ಬರಲಿಲ್ಲ. ಆದರೆ ಅದೇ ಸದ್ದು."

ಅಲ್ಲಿ ಕಾದಿದ್ದ ಕಾರಿನಲ್ಲಿ ತಂದೆ ಮಗಳು ಹೊರಟುಹೋದ ಮೇಲೆ ಚೌಡಯ್ಯ ಹಗ್ಗ ಬಿಗಿಯುತ್ತಾ ಗೊಣಗುತ್ತಾರೆ. "ನಿನ್ನ ಬಾಣಂತನಕ್ಕೆ ನನ್ನ ತೋಳು ಬಿದ್ದೋಯ್ತಲ್ಲೋ."

ಮಹದೇವು ತಮ್ಮ ತೋಳನ್ನು ನೀವಿಕೊಳ್ಳುತ್ತಾ ಹೊಳೆಯ ಕಡೆ ತಿರುಗುತ್ತಾರೆ. ಇನ್ನು ಆಸೆ ಏನು ಎಂದು ಕೇಳಿದರೆ ಮೆಳೆಮಡುವಿನ ಕಡೆ ಕೈ ತೋರಿಸುತ್ತಾರೆ.

"ಬಿದ್ರು ಬಲೀಲಿ, ಇನ್ನೇನಿಲ್ಲ," ಎನ್ನುತ್ತಾರೆ. "ಅವತ್ತು ಯಾರೇ ಬರ್‍ಲಿ, ದಡಕ್ಕೆ ಕಟ್ಟಿ ಇಳಿಸ್ತೀನಿ. ಅಲ್ಲೀಗಂಟ ತೆಪ್ಪ ನಿಲ್ಲಿಸ್ತೀನಿ. ನಿಲ್ಸಾಕೆ ತೋಳು ಅದೆ."