ನಮ್ಮ ಚಂದ್ರಿಕೆಯಲ್ಲಿ ಅಳಿಲಿನ ಬಾಣಂತನ

ಗೆಳೆಯರೇ, ಜಂಗಮಕೋಟೆಯ ನಮ್ಮ ಹುಳುಮನೆಯ ಸೂರಿಗೆ ಸೇರಿಕೊಂಡ ಅಳಿಲಿಗೆ ಮೆಣಸಿನಕಾಯಿ ಹೊಗೆ ಹಾಕು ಎಂದು ನನ್ನ ಪುಟದಲ್ಲಿ ಸ್ಕ್ರ್ಯಾಪ್ ಬರೆದ ಪುಣ್ಯಾತ್ಮರಿಗೆ ನಮಸ್ಕಾರ. ಆ ಹೊಗೆಗೆ ಅಳಿಲಿಗಿಂತ ಮೊದಲು ನಮ್ಮ ರೇಷ್ಮೆಹುಳುಗಳು ಸಾಯುತ್ತವೆ. ನಾಡಿದ್ದು ಮೇವು ಬಿಟ್ಟು ಹಣ್ಣಾಗುವ ಹುಳುಗಳು. ಅವು ಗೂಡು ಕಟ್ಟಿದರೆ ಅಳಿಲು ಕಡಿಯದೆ ಬಿಡುತ್ತದೆಯೇ?

ಅದಕ್ಕೇ ಇವತ್ತು ಬೆಳಿಗ್ಗೆ ಅದು ಹೊರಗೆ ಹೋಗುವುದನ್ನೇ ಕಾದು, ಸೂರಿನ ಸಂದಿಗೆ ತಂತಿ ಜಾಲರಿ ಹೊಡೆದೆ. ಐದೇ ನಿಮಿಷಕ್ಕೆ ವಾಪಸು ಬಂದು, ಜಾಲರಿ ಕಚ್ಚಿ ಎಳೆಯುತ್ತಾ ಕಿರುಚತೊಡಗಿತು. ಒಳಗಿನಿಂದ ಸಣ್ಣ ಚಿಂವ್‌ಗುಟ್ಟುವ ಸದ್ದು. ಮರಿಗಳು!

ಅತ್ತೆ ಓಡಿ ಬಂದರು. "ಬಾಣಂತೀನ ಆಚೆ ಹಾಕಿ ಬಾಗ್ಲು ಮುಚ್ಚಿದ್ಯಲ್ಲಮ್ಮ! ಕೀಳು ಮೊದ್ಲು ಅದನ್ನ!"

ಕಿತ್ತೆ. ಇಬ್ಬರೂ ಸೊಪ್ಪಿನ ಹೊರೆಯ ಹಿಂದೆ ಉಸಿರು ಬಿಗಿಹಿಡಿದು ಕೂತೆವು. ಅದು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಯಿತು. ಮೂರು. ಇನ್ನೂ ಒಂದು ಉಳಿದಿದ್ದರೆ? ಒಂದು ಗಂಟೆ ಕಾದು, ಕಿವಿಗೊಟ್ಟು ಕೇಳಿ, ಟಾರ್ಚ್ ಬಿಟ್ಟು ನೋಡಿ, ಜಾಲರಿಯನ್ನು ಮತ್ತೆ ಹೊಡೆದೆ.

ಅದು ಮರಿಗಳನ್ನು ಸಾಗಿಸಿದ್ದು ಎಲ್ಲಿಗೆಂದು ಆಮೇಲೆ ತಿಳಿಯಿತು. ಜಗಲಿಯಲ್ಲಿ ಒರಗಿಸಿಟ್ಟ ಚಂದ್ರಿಕೆಗಳ ನಡುವೆ! ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡಬೇಕಾದದ್ದು ಅದೇ ಬಿದಿರು ತಟ್ಟಿಗಳ ಮೇಲೆ.

"ಅವನ್ನ ಮುಟ್ಟೀಯಾ, ಜೋಕೆ!" ಎಂದರು ಅತ್ತೆ.

ಸಂಜೆ ಪಕ್ಕದ ಮನೆಗೆ ಚಂದ್ರಿಕೆ ಕೇಳಲು ಹೋದೆ. "ನಿಮ್ಮವು ಏನಾದ್ವಮ್ಮ?" ಎಂದರು ಆ ಮನೆಯಾಕೆ.

"ಬಾಡಿಗೆಗೆ ಹೋಗಿವೆ ಅಕ್ಕ. ಖಾಲಿ ಮಾಡ್ಸಕ್ಕೆ ನಮ್ಮತ್ತೆ ಬಿಡ್ತಿಲ್ಲ."